ಐಸ್‌ಕ್ರೀಮಿನವನ ಬಾಂಬು: ಒಂದು ಹಾಡು ಅಂಗಡಿಯಿಂದ ಹೊರಬಿದ್ದ ಪ್ರಕರಣ

ಹೊಸ ಆಲ್ಬಂ ಬಂದಾಗ ಗಾಯಕರು ಊರೂರು ಸುತ್ತಿ ಹಾಡುತ್ತಾರೆ. ಪತ್ರಿಕೆಯವರ ಜೊತೆ ಮಾತಾಡುತ್ತಾರೆ. ಆದರೆ ಅಮೆರಿಕದ ಸ್ಟೀವ್ ಟೇಲರ್ ಎಂಬ ಕ್ರಿಶ್ಚಿಯನ್ ರಾಕ್ ಗಾಯಕನಿಗೆ 1987ರ ತನ್ನ ಆಲ್ಬಮ್ಮಿಗಾಗಿ ಬೇರೆಯದೇ ಕೆಲಸ ಬಿತ್ತು. ಅವನು ಕ್ರಿಶ್ಚಿಯನ್ ಪುಸ್ತಕದಂಗಡಿಗಳಿಗೆ ತಾನೇ ಫೋನ್ ಮಾಡಿದ. ಮೊದಲನೇ ಹಾಡಿನ ಅರ್ಥ ಇದಲ್ಲ, ಅದು ಅಂತ ಅಂಗಡಿಯವರಿಗೆ ಬಿಡಿಸಿ ಹೇಳಿದ. ಕೆಲವರು ಅಷ್ಟರಲ್ಲೇ ಆಲ್ಬಮ್ಮನ್ನು ಕಪಾಟಿನಿಂದ ಕೆಳಗಿಳಿಸಿ ಆಗಿತ್ತು.

ಹಾಡಿನ ಹೆಸರು 'ಐ ಬ್ಲ್ಯೂ ಅಪ್ ದ ಕ್ಲಿನಿಕ್ ರಿಯಲ್ ಗುಡ್'. ಕ್ಲಿನಿಕ್ಕನ್ನು ಭರ್ಜರಿಯಾಗಿ ಉಡಾಯಿಸಿಬಿಟ್ಟೆ ಅಂತ ಅರ್ಥ. ಕ್ಲಿನಿಕ್ ಅಂದರೆ ಗರ್ಭಪಾತ ಮಾಡುವ ಜಾಗ.

ಹೆಸರು ಕೇಳಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಹಾಡು ಪೂರ್ತಿ ಕೇಳಿದರೆ ನಗು ಬರುತ್ತದೆ. ಈ ಎರಡರ ನಡುವೆ ಏನಾಯಿತು ಅನ್ನುವುದೇ ಈ ಪ್ರಕರಣ.

ಪಾಸ್ಟರ್ ಮಗನ ತಕರಾರು

ಟೇಲರ್ ಹುಟ್ಟಿದ್ದು 1957ರಲ್ಲಿ. ಅಪ್ಪ ಬ್ಯಾಪ್ಟಿಸ್ಟ್ ಪಂಗಡದ ಪಾಸ್ಟರ್, ಅಂದರೆ ಚರ್ಚಿನ ಬೋಧಕ. ಹಾಗಾಗಿ ಚರ್ಚಿನ ಒಳಮನೆ, ಹಿತ್ತಿಲು ಎಲ್ಲ ನೋಡಿ ಬೆಳೆದವನು. ಹೊರಗಿನಿಂದ ಕಲ್ಲು ಎಸೆಯುವವರಿಗೂ ಇವನಿಗೂ ಇದ್ದ ವ್ಯತ್ಯಾಸ ಇದೇ. ಇವನಿಗೆ ನಂಬಿಕೆಯ ಮೇಲೆ ತಕರಾರು ಇರಲಿಲ್ಲ. ನಂಬಿಕೆಯ ಹೆಸರಿನಲ್ಲಿ ನಡೆಯುವ ಬೂಟಾಟಿಕೆ ಮೇಲೆ ಇತ್ತು.

ಇಂಥವರಲ್ಲಿ ಇವನೇ ಮೊದಲಿಗನಲ್ಲ. ಲ್ಯಾರಿ ನಾರ್ಮನ್ 1969ರಲ್ಲೇ ಯೇಸುವಿನ ಹಾಡಿಗೆ ರಾಕ್ ಗಿಟಾರು ಜೋಡಿಸಿದ್ದ. ಹಿರಿಯ ತಲೆಗಳು ಮುಖ ಸಿಂಡರಿಸಿದ್ದರು. ಕೀತ್ ಗ್ರೀನ್ ಅಂತ ಇನ್ನೊಬ್ಬನಿದ್ದ. ಸುಖವಾಗಿ ನಿದ್ದೆ ಹೊಡೆಯುವ ಭಕ್ತರನ್ನು ಪಿಯಾನೋ ಮುಂದೆ ಕೂತು ಬೈಯುತ್ತಿದ್ದ. ತನ್ನ ರೆಕಾರ್ಡುಗಳನ್ನು ಕೊಟ್ಟಷ್ಟು ಕೊಡಿ ಅಂತ ಹಂಚಿದ. 1982ರ ಜುಲೈನಲ್ಲಿ ವಿಮಾನ ಬಿದ್ದು ಸತ್ತುಹೋದ. ಅದಾದ ಮುಂದಿನ ವರ್ಷ, 1983ರಲ್ಲಿ, ಟೇಲರ್‌ನ ಮೊದಲ ರೆಕಾರ್ಡು 'ಐ ವಾಂಟ್ ಟು ಬಿ ಎ ಕ್ಲೋನ್' ಬಂತು.

ಗ್ರೀನ್ ನೇರವಾಗಿ ಬೈಯುತ್ತಿದ್ದ. ಟೇಲರ್ ಹಾಗಲ್ಲ. ಅವನು ವೇಷ ಹಾಕುತ್ತಿದ್ದ. ತಾನು ಯಾರನ್ನು ಲೇವಡಿ ಮಾಡಬೇಕೋ ಅವರ ಬಾಯಲ್ಲೇ ಹಾಡು ಹೇಳಿಸುತ್ತಿದ್ದ. ಆ ಮೊದಲ ರೆಕಾರ್ಡಿನ ಹೆಸರಿನ ಹಾಡನ್ನೇ ನೋಡಿ. ಹೊಸದಾಗಿ ಚರ್ಚಿಗೆ ಸೇರಿದವನೊಬ್ಬ ನನ್ನನ್ನೂ ನಿಮ್ಮ ಹಾಗೇ ಅಚ್ಚೊತ್ತಿಬಿಡಿ ಅಂತ ಖುಷಿಯಾಗಿ ಬೇಡಿಕೊಳ್ಳುತ್ತಾನೆ. ಎಲ್ಲರೂ ಒಂದೇ ಥರ ಮಾತಾಡುವ, ಒಂದೇ ಥರ ಯೋಚಿಸುವ ಸಭೆಯ ಮೇಲಿನ ಏಟು ಅದು. ಆದರೆ ಏಟು ಹೊಡೆಯುತ್ತಿರುವವನು ಎಲ್ಲೂ ಕಾಣುವುದಿಲ್ಲ.

1984ರಲ್ಲಿ 'ಮೆಲ್ಟ್‌ಡೌನ್' ಬಂತು. ಅದರ ಎರಡು ಹಾಡುಗಳನ್ನು ಇಲ್ಲಿ ನೆನಪಿಡಬೇಕು.

ಒಂದು, ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಮೇಲಿನದು. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್ ಊರಲ್ಲಿರುವ ಈ ಸಂಸ್ಥೆ ತನ್ನನ್ನು ಕಟ್ಟಾ ಕ್ರಿಶ್ಚಿಯನ್ ಅಂತ ಕರೆದುಕೊಳ್ಳುತ್ತಿತ್ತು. 1971ರವರೆಗೆ ಕಪ್ಪು ಜನರನ್ನು ಒಳಗೇ ಬಿಟ್ಟಿರಲಿಲ್ಲ. ಆಮೇಲೆ ಬಿಟ್ಟರೂ ಬಿಳಿಯರು ಕರಿಯರು ಪ್ರೀತಿ ಗೀತಿ ಅಂತ ಓಡಾಡುವ ಹಾಗಿಲ್ಲ, ಮದುವೆ ಆಗುವ ಹಾಗಿಲ್ಲ ಅನ್ನುವ ನಿಯಮ ಇಟ್ಟುಕೊಂಡಿತ್ತು. ಬೈಬಲ್ಲೇ ಹೀಗೆ ಹೇಳುತ್ತದೆ ಅನ್ನುವುದು ಅವರ ವಾದ. ಇದೇ ಕಾರಣಕ್ಕೆ ತೆರಿಗೆ ವಿನಾಯಿತಿ ಹೋಯಿತು. ಕೇಸು ಸುಪ್ರೀಂ ಕೋರ್ಟಿಗೆ ಹತ್ತಿತು. 1983ರ ಮೇ 24ರಂದು 8-1 ಬಹುಮತದಲ್ಲಿ ವಿಶ್ವವಿದ್ಯಾಲಯ ಸೋತಿತು. ಸೋತರೂ ನಿಯಮ ಬಿಡಲಿಲ್ಲ. ಅದನ್ನು ಬಿಟ್ಟಿದ್ದು 2000ದ ಮಾರ್ಚಿನಲ್ಲಿ, ಅದೂ ಒಂದು ಟಿವಿ ಸಂದರ್ಶನದಲ್ಲಿ ಘೋಷಣೆ ಮಾಡಿ. ಟೇಲರ್ ಹಾಡು ಬಂದು ಆಗಲೇ ಹದಿನಾರು ವರ್ಷ ಆಗಿತ್ತು.

ಇನ್ನೊಂದು ಹಾಡು ಕ್ರಿಶ್ಚಿಯನ್ ಮಾರುಕಟ್ಟೆಯ ಮೇಲಿನದು. ಆ ಕಾಲದಲ್ಲಿ ಕ್ರಿಶ್ಚಿಯನ್ ವ್ಯಾಪಾರಿಗಳದ್ದೇ ಬೇರೆ ಫೋನ್ ಡೈರೆಕ್ಟರಿಗಳು ಬರುತ್ತಿದ್ದವು. ಕಾರು ಬೇಕಾದರೂ ನಮ್ಮವರ ಹತ್ತಿರ, ಹಲ್ಲು ಕೀಳಿಸಬೇಕಾದರೂ ನಮ್ಮವರ ಹತ್ತಿರ. ಹಾಲು ಕೂಡ ಕ್ರಿಶ್ಚಿಯನ್ ಹಸುವಿನದೇ ಆಗಬೇಕು ಅನ್ನುವ ಮಟ್ಟಕ್ಕೆ ಇದನ್ನು ಎಳೆದು ಟೇಲರ್ ನಗೆಪಾಟಲು ಮಾಡಿದ್ದ. ತಮಾಷೆ ನೋಡಿ. ಈ ಹಾಡು ಮಾರಾಟ ಆಗಿದ್ದೇ ಕ್ರಿಶ್ಚಿಯನ್ ಪುಸ್ತಕದಂಗಡಿಗಳಲ್ಲಿ. ಜನ ಕೊಂಡರು, ನಕ್ಕರು, ಆಲ್ಬಂ ಜನಪ್ರಿಯ ಆಯಿತು.

ಅದೇ ಆಲ್ಬಮ್ಮಿನಲ್ಲಿ 'ಬೇಬಿ ಡೋ' ಅಂತ ಒಂದು ಗಂಭೀರ ಹಾಡೂ ಇದೆ. 1982ರಲ್ಲಿ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಡೌನ್ ಸಿಂಡ್ರೋಮ್ ಇದ್ದ ಒಂದು ಕೂಸಿಗೆ ಆಪರೇಷನ್ ಮಾಡಿಸದೆ ಸಾಯಲು ಬಿಟ್ಟ ಘಟನೆಯ ಬಗ್ಗೆ ಅದು. ಹುಟ್ಟುವ, ಹುಟ್ಟಿದ ಮಕ್ಕಳ ಜೀವದ ವಿಷಯದಲ್ಲಿ ಟೇಲರ್ ಯಾವ ಕಡೆ ಇದ್ದ ಅನ್ನುವುದು ಈ ಹಾಡು ಕೇಳಿದವರಿಗೆ ಚೆನ್ನಾಗಿ ಗೊತ್ತಿತ್ತು. ಅವನು ಗರ್ಭಪಾತದ ವಿರೋಧಿ. ಮುಂದಿನ ಗಲಾಟೆಯಲ್ಲಿ ಈ ಮಾತು ತುಂಬ ಮುಖ್ಯ.

ಪೆನ್ಸಕೋಲಾದ ಕ್ರಿಸ್‌ಮಸ್

ಗರ್ಭಪಾತ ಅಂದರೆ ಅಮೆರಿಕದಲ್ಲಿ ಯಾಕಿಷ್ಟು ಬೆಂಕಿ ಅನ್ನುವುದು ನಮಗೆ ಬೇಗ ಅರ್ಥ ಆಗುವುದಿಲ್ಲ. ಭಾರತದಲ್ಲಿ 1971ರಲ್ಲೇ ಅದಕ್ಕೆ ಕಾನೂನು ಬಂತು. ಅದನ್ನು ಇಟ್ಟುಕೊಂಡು ಯಾರೂ ಚುನಾವಣೆ ಗೆದ್ದಿಲ್ಲ. ಅಮೆರಿಕದಲ್ಲಿ 1973ರಲ್ಲಿ ಸುಪ್ರೀಂ ಕೋರ್ಟು ಗರ್ಭಪಾತವನ್ನು ಹಕ್ಕು ಅಂದಾಗ ಚರ್ಚುಗಳು, ಪಕ್ಷಗಳು, ಮನೆಗಳು ಎರಡಾಗಿ ಸೀಳಿದವು. ಎಂಬತ್ತರ ದಶಕಕ್ಕೆ ಬಂದಾಗ ಕೆಲವರು ಮೆರವಣಿಗೆ ಸಾಕು ಅಂತ ಬಾಂಬಿಗೆ ಕೈ ಹಾಕಿದ್ದರು.

1984ರ ಡಿಸೆಂಬರ್ 25ರ ಬೆಳಗ್ಗೆ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಮೂರು ಕಡೆ ಬಾಂಬ್ ಸಿಡಿಯಿತು. ಒಂದು ಕ್ಲಿನಿಕ್, ಎರಡು ಡಾಕ್ಟರುಗಳ ಆಫೀಸು. ಹಬ್ಬದ ದಿನ ಬಾಗಿಲು ಹಾಕಿತ್ತು, ಯಾರಿಗೂ ಪೆಟ್ಟಾಗಲಿಲ್ಲ. ಸಿಕ್ಕಿಬಿದ್ದವರು ನಾಲ್ವರು. ಎಲ್ಲರೂ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು, ಚರ್ಚಿಗೆ ಹೋಗುವವರು. ಇದು ಯೇಸುವಿನ ಹುಟ್ಟುಹಬ್ಬಕ್ಕೆ ಕೊಟ್ಟ ಉಡುಗೊರೆ ಅಂತ ಅವರಲ್ಲೊಬ್ಬಳು ಹೇಳಿದಳು.

ಟೇಲರ್ ಹಾಡು ಬಂದಿದ್ದು ಇದಾಗಿ ಮೂರೇ ವರ್ಷಕ್ಕೆ. ಬಾಂಬಿನ ಹೊಗೆ ಇನ್ನೂ ಪೂರ್ತಿ ಆರಿರಲಿಲ್ಲ ಅನ್ನಬಹುದು.

ಹಾಡಿನ ಒಳಗೆ

ಹಾಡು ಹೇಳುವವನು ಒಬ್ಬ ಐಸ್‌ಕ್ರೀಂ ಗಾಡಿಯವನು. ಬೀದಿ ಬೀದಿ ಸುತ್ತಿ ಮಕ್ಕಳಿಗೆ ಐಸ್‌ಕ್ರೀಂ ಮಾರುವುದು ಅವನ ಕೆಲಸ. ಈಗ ಕ್ಲಿನಿಕ್ಕಿಗೆ ಬಾಂಬಿಟ್ಟು ಓಡುತ್ತಿದ್ದಾನೆ. ಯಾಕೆ ಬಾಂಬಿಟ್ಟ? ದೇವರಿಗಾಗಿ ಅಲ್ಲ. ಕೂಸುಗಳ ಮೇಲಿನ ಕರುಣೆಯಿಂದಲೂ ಅಲ್ಲ. ಮಕ್ಕಳೇ ಹುಟ್ಟದಿದ್ದರೆ ಐಸ್‌ಕ್ರೀಂ ಕೊಳ್ಳುವವರು ಯಾರು? ವ್ಯಾಪಾರ ಬಿದ್ದುಹೋಗುತ್ತದಲ್ಲ!

ಕಥೆಯ ನಡುವೆ ಒಬ್ಬ ಬೋಧಕ ಬರುತ್ತಾನೆ. ಬೀದಿ ಮೂಲೆಯಲ್ಲಿ ನಿಂತು ಇದು ಅಪರಾಧ ಅನ್ನುತ್ತಾನೆ. ಗುರಿ ಒಳ್ಳೆಯದು ಅಂತ ಯಾವ ದಾರಿಯಾದರೂ ಸರಿ ಅನ್ನುವುದು ತಪ್ಪು, ಯಾವತ್ತಿಗೂ ತಪ್ಪು ಅನ್ನುತ್ತಾನೆ. ಐಸ್‌ಕ್ರೀಮಿನವನು ತನ್ನ ಗಾಡಿಯ ಮೇಲೆ ಹತ್ತಿ ನಿಂತು ಅವನಿಗೆ ಉತ್ತರ ಕೊಡುತ್ತಾನೆ: ಈ ದೇಶದ ಕಾಯಿಲೆಗೆ ಒಂದಿಷ್ಟು ಸ್ಫೋಟಕ ಇದ್ದರೆ ಸಾಕು, ವಾಸಿ ಆಗುತ್ತದೆ ಅನ್ನುವ ಧಾಟಿಯಲ್ಲಿ.

ಇಡೀ ಪ್ರಕರಣದಲ್ಲಿ ನನಗೆ ತುಂಬ ವಿಚಿತ್ರ ಅನ್ನಿಸುವುದು ಈ ಬೋಧಕನ ವಿಷಯ. ಹಾಡಿನ ನೀತಿಯನ್ನು ಅವನು ಒಂಚೂರೂ ಸುತ್ತುಬಳಸದೆ ಹೇಳಿಬಿಡುತ್ತಾನೆ. ವ್ಯಂಗ್ಯ ಅರ್ಥ ಆಗದ ಕಿವಿಗೂ ಅದು ಕೇಳಬೇಕು. ಮೇಲಾಗಿ ಹಾಡಿನಲ್ಲಿ ತಲೆ ನೆಟ್ಟಗಿರುವವನು ಅವನೊಬ್ಬನೇ. ಚರ್ಚಿನವರು ಈ ಹಾಡಿನಲ್ಲಿ ತಮ್ಮ ಮುಖ ನೋಡಬೇಕಾಗಿದ್ದರೆ ಆ ಬೋಧಕನನ್ನೇ ನೋಡಬಹುದಿತ್ತು. ಖುಷಿಪಟ್ಟು ಪೋಸ್ಟರು ಅಂಟಿಸಬಹುದಿತ್ತು.

ಹಾಗಾಗಲಿಲ್ಲ. ಕೆಲವು ಕ್ರಿಶ್ಚಿಯನ್ ಅಂಗಡಿಗಳು ಆಲ್ಬಂ ತೆಗೆದವು. ಬಾಂಬಿಡುವುದನ್ನು ಈ ಹುಡುಗ ಹೊಗಳುತ್ತಿದ್ದಾನೆ ಅಂತ ಒಂದು ಕಡೆ ಮಾತು. ಗರ್ಭಪಾತ ವಿರೋಧಿಸುವ ನಮ್ಮನ್ನೆಲ್ಲ ಹುಚ್ಚರು ಅಂತ ತೋರಿಸುತ್ತಿದ್ದಾನೆ ಅಂತ ಇನ್ನೊಂದು ಕಡೆ ಮುನಿಸು. ಒಂದೇ ಹಾಡಿನ ಮೇಲೆ ಎರಡು ಉಲ್ಟಾ ದೂರು! ಗಲಾಟೆಯ ಬಿಸಿಗೆ ಆಸ್ಟ್ರೇಲಿಯಾದ ಪ್ರವಾಸವೂ ರದ್ದಾಯಿತು. ಸಾಲದ್ದಕ್ಕೆ ಮುಖಪುಟದ ಮೇಲೂ ಜನ ಬಿದ್ದರು. ಆ ಚಿತ್ರ ಬರೆದವಳು ಟೇಲರ್‌ನ ಹೆಂಡತಿ. ಅದು ಭವಿಷ್ಯ ಹೇಳಲು ಬಳಸುವ ಟ್ಯಾರೋ ಕಾರ್ಡಿನ ಥರ ಇದೆ, ಇದರಲ್ಲಿ ಮಾಟಮಂತ್ರ ಇದೆ ಅಂತ ಪುಕಾರು ಎದ್ದಿತು. ಆಲ್ಬಮ್ಮಿನ ಹೆಸರು 'ಐ ಪ್ರೆಡಿಕ್ಟ್ 1990', ಅಂದರೆ 1990ರ ಭವಿಷ್ಯ ನುಡಿಯುತ್ತೇನೆ ಅಂತ. ಹಾಳೆ ತಿರುವಿದರೆ ಪ್ರಳಯ ಅನ್ನುವ ಭವಿಷ್ಯದ ಪುಸ್ತಕಗಳನ್ನು ಗೇಲಿ ಮಾಡುವ ಹೆಸರು ಅದು. ಅದನ್ನೂ ಕೆಲವರು ನಿಜ ಅಂತಲೇ ತಗೊಂಡಿರಬೇಕು.

ಯಾರನ್ನು ಬೈದರೆ ಖರ್ಚಿಲ್ಲ

ಈಗ ಹಿಂದಿನ ಹಾಡುಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಮೂರು ವರ್ಷ ಮುಂಚೆ ಇದೇ ಗಾಯಕ ಇದೇ ಅಂಗಡಿಗಳ ಮೂಲಕ ಒಂದು ಕ್ರಿಶ್ಚಿಯನ್ ವಿಶ್ವವಿದ್ಯಾಲಯವನ್ನು ಹೆಚ್ಚುಕಡಿಮೆ ಹೆಸರಿಟ್ಟು ಬೈದಿದ್ದ. ಆಗ ಯಾಕೆ ಕಪಾಟು ಖಾಲಿ ಆಗಲಿಲ್ಲ?

ನನ್ನ ಲೆಕ್ಕ ಇಷ್ಟೇ. ಬಾಬ್ ಜೋನ್ಸ್ ವಿಶ್ವವಿದ್ಯಾಲಯದಲ್ಲಿ ರಾಕ್ ಸಂಗೀತಕ್ಕೇ ನಿಷೇಧ ಇತ್ತು. ಅದು ಕ್ರಿಶ್ಚಿಯನ್ ರಾಕ್ ಆದರೂ ಅಷ್ಟೇ. ಅಲ್ಲಿನವರು ಈ ರೆಕಾರ್ಡುಗಳ ಗಿರಾಕಿಗಳೇ ಅಲ್ಲ. ಅವರನ್ನು ಬೈದರೆ ಅಂಗಡಿಯವನಿಗೆ ಒಂದು ಕಾಸೂ ನಷ್ಟ ಇಲ್ಲ. ಪಕ್ಕದ ಮನೆಯ ಬೂಟಾಟಿಕೆ ಯಾವತ್ತೂ ರುಚಿಯಾಗಿಯೇ ಇರುತ್ತದೆ, ಅಲ್ವಾ? ಎಲ್ಲರೂ ಒಂದೇ ಅಚ್ಚು ಅಂತ ಬೈದಾಗಲೂ ಹಾಗೇ. ಕೇಳಿದವರೆಲ್ಲ ನಾನಲ್ಲ, ಹಿಂದಿನ ಬೆಂಚಿನವನು ಅಂದುಕೊಂಡರು.

ಕ್ಲಿನಿಕ್ಕಿನ ಹಾಡು ಹಾಗಲ್ಲ. ಗರ್ಭಪಾತ ವಿರೋಧಿಸುವವರೇ ಆ ಅಂಗಡಿಯ ಗಿರಾಕಿಗಳು. ಹದಿಹರೆಯದ ಮಗನಿಗೆ ಒಳ್ಳೆಯ ಹಾಡು ಕೇಳಿಸೋಣ ಅಂತ ಅಂಗಡಿಗೆ ಬರುವ ಅಮ್ಮ, ಭಾನುವಾರ ಚರ್ಚಿನಲ್ಲಿ ಇದೇ ವಿಷಯಕ್ಕೆ ಸಹಿ ಸಂಗ್ರಹಿಸಿದವಳೂ ಆಗಿರಬಹುದು. ಅವಳು ಆಲ್ಬಂ ತಿರುಗಿಸಿ ಹಿಂದೆ ನೋಡುತ್ತಾಳೆ. ಮೊದಲನೇ ಹಾಡಿನ ಹೆಸರೇ ಅದು. ಹಾಡು ಕೇಳುವ ಮಾತೇ ಬರುವುದಿಲ್ಲ. ಕೌಂಟರಿಗೆ ಬಂದು ಏನಿದು ಅಂತ ಕೇಳುತ್ತಾಳೆ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಾ ನಿಲ್ಲಲು ಪುರುಸೊತ್ತಿಲ್ಲ. ಕೆಳಗಿಳಿಸಿಬಿಟ್ಟರೆ ತಲೆನೋವು ಮುಗಿಯಿತು.

ಬೇರೆ ರಾಕ್ ಗಾಯಕನಾಗಿದ್ದರೆ ಇದು ದೊಡ್ಡ ಮಾತಲ್ಲ. ಒಂದು ಅಂಗಡಿ ಹೋದರೆ ಇನ್ನೊಂದು. ಕ್ರಿಶ್ಚಿಯನ್ ರಾಕ್‌ಗೆ ಆ ಅನುಕೂಲ ಇರಲಿಲ್ಲ. ಅದರ ಮಾರಾಟದ ಬಹುಪಾಲು ನಡೆಯುತ್ತಿದ್ದದ್ದೇ ಬೈಬಲ್, ಗೋಡೆಗೆ ಹಾಕುವ ವಾಕ್ಯಗಳು, ಶಿಲುಬೆಯ ಕೀಚೈನು ಮಾರುವ ಅಂಗಡಿಗಳಲ್ಲಿ. ಅಲ್ಲಿ ಜನ ಹಾಡು ಕೊಳ್ಳುವುದರ ಜೊತೆಗೆ ಒಂದು ಭರವಸೆಯನ್ನೂ ಕೊಳ್ಳುತ್ತಿದ್ದರು. ಇದು ನಿಮ್ಮ ಮನೆಗೆ ಸುರಕ್ಷಿತ ಅನ್ನುವ ಭರವಸೆ. ವ್ಯಂಗ್ಯದ ಕೆಲಸವೋ ಸುರಕ್ಷಿತ ಅಂದುಕೊಂಡವನ ಕಾಲಡಿಯ ಚಾಪೆ ಎಳೆಯುವುದು. ಎರಡನ್ನೂ ಒಂದೇ ಕಪಾಟಿನಲ್ಲಿ ಎಷ್ಟು ದಿನ ಇಡಲಾಗುತ್ತದೆ? ಕ್ರಿಶ್ಚಿಯನ್ ಹಸುವಿನ ಹಾಲು ಅಂತ ಯಾವ ಮಾರುಕಟ್ಟೆಯನ್ನು ಟೇಲರ್ ಗೇಲಿ ಮಾಡಿದ್ದನೋ, ಅವನ ಅನ್ನ ಇದ್ದದ್ದೂ ಅದೇ ಮಾರುಕಟ್ಟೆಯಲ್ಲಿ. ಅವನು ಫೋನ್ ಹಿಡಿದು ಕೂತದ್ದು ಅದಕ್ಕೇ.

ಫೋನಿನಲ್ಲಿ ಜೋಕು ವಿವರಿಸುವುದಕ್ಕಿಂತ ಹಿಂಸೆ ಇನ್ನೊಂದಿಲ್ಲ. ವಿವರಿಸಿದ ಮೇಲೆ ಅದು ಜೋಕಾಗಿ ಉಳಿಯುವುದೂ ಇಲ್ಲ.

ಆ ವರ್ಷದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. 1987ರ ಮಾರ್ಚಿನಲ್ಲಿ ಟಿವಿ ಬೋಧಕ ಜಿಮ್ ಬೇಕರ್ ಹೆಣ್ಣು ಮತ್ತು ಹಣದ ಹಗರಣದಲ್ಲಿ ರಾಜೀನಾಮೆ ಕೊಟ್ಟ. ಅದೇ ವರ್ಷ ಜಿಮ್ಮಿ ಸ್ವಾಗರ್ಟ್ ಎಂಬ ಇನ್ನೊಬ್ಬ ಟಿವಿ ಬೋಧಕ ಕ್ರಿಶ್ಚಿಯನ್ ರಾಕ್ ಅಂದರೆ ಕುರಿಯ ತೊಗಲು ಹೊದ್ದ ತೋಳ ಅಂತ ಒಂದು ಪುಸ್ತಕವನ್ನೇ ಹೊರತಂದ. 1988ರ ಫೆಬ್ರವರಿ 21ರಂದು ಅದೇ ಸ್ವಾಗರ್ಟ್ ಕ್ಯಾಮೆರಾ ಮುಂದೆ ಬಿಕ್ಕಿ ಬಿಕ್ಕಿ ಅತ್ತು ನಾನು ಪಾಪ ಮಾಡಿದ್ದೇನೆ ಅಂದ. ವೇಶ್ಯೆಯ ಜೊತೆ ಸಿಕ್ಕಿಬಿದ್ದಿದ್ದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಬೂಟಾಟಿಕೆಯನ್ನು ಹಾಡಿದವನ ರೆಕಾರ್ಡು ಕಪಾಟಿನಿಂದ ಇಳಿದ ಕಾಲದಲ್ಲೇ ಬೂಟಾಟಿಕೆ ಹೀಗೆ ಟಿವಿಯಲ್ಲಿ ನೇರ ಪ್ರಸಾರ ಆಗುತ್ತಿತ್ತು.

ಹಾಡಿನ ತಪ್ಪು ಏನೂ ಇಲ್ಲವೇ?

ಇದೆ. ಟೇಲರ್ ಪಾಪದವನು, ಚರ್ಚಿನವರು ದಡ್ಡರು ಅಂತ ಹೇಳಿ ಮುಗಿಸಿದರೆ ಸುಲಭ. ಆದರೆ ಅದು ಅರ್ಧ ಸತ್ಯ.

ಮೊದಲನೆಯದು ಹೆಸರು. ಅಂಥ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ನರ್ಸ್ ಒಬ್ಬಳು ರೇಡಿಯೋದಲ್ಲಿ ಈ ಹೆಸರು ಕೇಳಿದಳು ಅಂದುಕೊಳ್ಳಿ. ದಿನಾ ಬಾಗಿಲು ತೆರೆಯುವಾಗ ಎದೆ ಹೊಡೆದುಕೊಳ್ಳುವವಳು ಅವಳು. ಅವಳಿಗೆ ಇದು ತಮಾಷೆ ಅಂತ ಅನ್ನಿಸಬೇಕಾ? ಗಾಯಕನಿಗೆ ಸಿಟ್ಟಾದ ಗಿರಾಕಿಯ ಬಗ್ಗೆ ಯೋಚನೆ ಇತ್ತು. ಇವಳ ಬಗ್ಗೆ ಎಷ್ಟಿತ್ತೋ ಅನುಮಾನ.

ಎರಡನೆಯದು ಇನ್ನೂ ಆಳದ್ದು. ಐಸ್‌ಕ್ರೀಮಿನವನಿಗೆ ಬೇಕಾದದ್ದು ಲಾಭ. ಅಂದರೆ ಹಾಡಿನ ಪ್ರಕಾರ ಬಾಂಬಿಡುವವನು ಸೋಗಲಾಡಿ. ಬಾಯಲ್ಲಿ ಜೀವ, ಮನಸ್ಸಿನಲ್ಲಿ ಗಲ್ಲಾಪೆಟ್ಟಿಗೆ. ಗುರಿ, ದಾರಿ ಅನ್ನುವ ಮಾತಿಗೆ ಈ ಕಥೆ ಚೆನ್ನಾಗಿ ಹೊಂದುತ್ತದೆ. ಆದರೆ ಪೆನ್ಸಕೋಲಾದ ಆ ನಾಲ್ವರು ಸೋಗು ಹಾಕಿರಲಿಲ್ಲ. ಅವರಿಗೆ ಒಂದು ಡಾಲರೂ ಸಿಗುತ್ತಿರಲಿಲ್ಲ. ಯೇಸುವಿಗೆ ಉಡುಗೊರೆ ಅಂದಾಗ ಆ ಹುಡುಗಿ ಮನಸಾರೆ ಹಾಗೇ ನಂಬಿದ್ದಳು. ಟೇಲರ್‌ಗೆ ಬೂಟಾಟಿಕೆಯನ್ನು ಹಿಡಿಯುವ ಕಣ್ಣು ಇತ್ತು. ಹಾಗಾಗಿ ಎಲ್ಲ ಕಡೆ ಅವನಿಗೆ ಅದೇ ಕಂಡಿತು. ಇಲ್ಲಿ ಇದ್ದದ್ದು ಬೇರೆ ರೋಗ. ಹೇಳಿದ್ದನ್ನೇ ಮಾಡುವವರ ರೋಗ.

ಇದನ್ನು ಹಾಡಿನ ಸೋಲು ಅಂತ ನಾನು ಅನ್ನುವುದಿಲ್ಲ. ಮೂರೂವರೆ ನಾಲ್ಕು ನಿಮಿಷದ ಹಾಡು ಎಲ್ಲವನ್ನೂ ಹೊರಬೇಕು ಅಂತ ಕೇಳುವುದೂ ಅತಿಯಾಯಿತು. ಆದರೆ ಆಗ ಎದ್ದ ಗಲಾಟೆಯಲ್ಲಿ ಈ ಪ್ರಶ್ನೆ ಯಾರ ಬಾಯಲ್ಲೂ ಬಂದಂತೆ ಕಾಣುವುದಿಲ್ಲ. ಜಗಳ ಎಲ್ಲ ಹೆಸರಿನ ಸುತ್ತ, ಟ್ಯಾರೋ ಕಾರ್ಡಿನ ಸುತ್ತ ತಿರುಗಿತು. ಬೋಧಕನ ಮಾತು ಸರಿಯಾ ತಪ್ಪಾ ಅನ್ನುವ ಚರ್ಚೆ ಆಗಿದ್ದರೆ ಚರ್ಚಿಗೇ ಜಾಸ್ತಿ ಉಪಯೋಗ ಆಗುತ್ತಿತ್ತು.

ಆಮೇಲೆ

ಟೇಲರ್‌ಗೆ ಸಾಕಾಯಿತು. ಆ ಆಲ್ಬಂ ಆದ ಮೇಲೆ ಒಬ್ಬನೇ ಹಾಡುವುದನ್ನು ಬಿಟ್ಟ. ಗೆಳೆಯರ ಜೊತೆ 'ಷಗಾಲ್ ಗೆವಾರಾ' ಅಂತ ಬ್ಯಾಂಡ್ ಕಟ್ಟಿದ. ಅದರ ಆಲ್ಬಂ 1991ರಲ್ಲಿ ಎಂಸಿಎ ಎಂಬ, ಕ್ರಿಶ್ಚಿಯನ್ ಮಾರುಕಟ್ಟೆಯ ಹೊರಗಿನ ಕಂಪನಿಯಿಂದ ಬಂತು. ಕೇಳಿದವರು ಹೊಗಳಿದರು, ಕೊಂಡವರು ಕಡಿಮೆ. ಬ್ಯಾಂಡ್ ನಿಂತಿತು.

1993ರಲ್ಲಿ 'ಸ್ಕ್ವಿಂಟ್' ಜೊತೆ ಕ್ರಿಶ್ಚಿಯನ್ ಸಂಗೀತಕ್ಕೇ ಮರಳಿದ. ಅದರಲ್ಲಿ ಕಾಲುಚೀಲಗಳ ಸ್ವರ್ಗದ ಬಗ್ಗೆ ಒಂದು ಹಾಡಿದೆ. ಜೋಡಿ ಕಳೆದುಕೊಂಡ ಒಂಟಿ ಕಾಲುಚೀಲಗಳು ಹೋಗಿ ಸೇರುವ ಜಾಗ. ಈ ಕಡೆಗೂ ಸಲ್ಲದೆ ಆ ಕಡೆಗೂ ಸಲ್ಲದೆ ಉಳಿದವನು ತನ್ನ ಬಗ್ಗೆಯೇ ಬರೆದುಕೊಂಡಿದ್ದು ಅಂತ ಊಹಿಸಲು ಕಷ್ಟವಿಲ್ಲ. ಮುಂದೆ ಬೇರೆಯವರಿಗೆ ಹಾಡು ಬರೆದುಕೊಟ್ಟ, ಸ್ವಂತ ಕಂಪನಿ ಮಾಡಿದ. ಆ ಕಂಪನಿಯ ಬ್ಯಾಂಡ್ ಒಂದರ 'ಕಿಸ್ ಮಿ' ಹಾಡು 1999ರಲ್ಲಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಕ್ರಿಶ್ಚಿಯನ್ ಅಂಗಡಿಯ ಮುಖ ನೋಡದವರೂ ಅದನ್ನು ಗುನುಗಿದರು. ಅದೊಂದು ಮುದ್ದಾದ ಪ್ರೇಮಗೀತೆ, ಅದರಲ್ಲಿ ಯಾರಿಗೂ ಏಟಿಲ್ಲ.

ಪೆನ್ಸಕೋಲಾದ ಕಥೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 1993ರ ಮಾರ್ಚ್ 10ರಂದು ಅಲ್ಲಿನ ಒಂದು ಕ್ಲಿನಿಕ್ಕಿನ ಹೊರಗೆ ಡಾಕ್ಟರ್ ಡೇವಿಡ್ ಗನ್ ಅವರನ್ನು ಗುಂಡಿಟ್ಟು ಕೊಂದರು. ಕೊಂದದ್ದು ಸರಿ ಅಂತ ಟಿವಿಗೆ ಬಂದು ವಾದ ಮಾಡಿದ ಒಬ್ಬನಿದ್ದ, ಪಾಲ್ ಹಿಲ್ ಅಂತ. 1994ರ ಜುಲೈ 29ರಂದು ಅವನೇ ಬಂದೂಕು ತಗೊಂಡು ಅದೇ ಊರಿನಲ್ಲಿ ಡಾಕ್ಟರ್ ಜಾನ್ ಬ್ರಿಟನ್ ಅವರನ್ನೂ ಜೊತೆಗಿದ್ದ ಕಾವಲಿನ ಜೇಮ್ಸ್ ಬ್ಯಾರೆಟ್ ಅವರನ್ನೂ ಕೊಂದ. 2003ರಲ್ಲಿ ಫ್ಲಾರಿಡಾ ಅವನಿಗೆ ಮರಣದಂಡನೆ ಕೊಟ್ಟಿತು. ಕೊನೆವರೆಗೂ ಪಶ್ಚಾತ್ತಾಪ ಪಡಲಿಲ್ಲ.

ಟೇಲರ್‌ನ ಹಾಡಿನಲ್ಲಿ ಬಾಂಬಿಡುವವನು ಐಸ್‌ಕ್ರೀಂ ವ್ಯಾಪಾರಿ, ತಪ್ಪು ಅಂತ ಕೂಗುವವನು ಬೋಧಕ. ಪಾಲ್ ಹಿಲ್ ಹಿಂದೆ ಪ್ರೆಸ್‌ಬಿಟೇರಿಯನ್ ಚರ್ಚಿನ ಬೋಧಕನಾಗಿದ್ದವನು.